ನಾಯಿಗಳ ಆನುವಂಶಿಕ ನೇತ್ರರೋಗಗಳು ಮತ್ತು ಮುಂಚಿತ ತಪಾಸಣೆ

ಕೇಂದ್ರ ಸರ್ಕಾರದ ಸೇವೆಯಲ್ಲಿರುವ ಕುಟುಂಬವೊಂದು ಪುಣೆಯಿಂದ ದೆಹಲಿಗೆ ವರ್ಗವಾಗಿ ಬಂದಿತೆಂದು ಇಟ್ಟುಕೊಳ್ಳಬಹುದು. ಮನೆಯ ಸಾಮಾನು ಸರಂಜಾಮುಗಳೊಡನೆ ಆರು ವರ್ಷದ ಹೆಣ್ಣು ಲ್ಯಾಬ್ರಡಾರ್ ನಾಯಿಯೂ ಹೊಸ ಕ್ವಾರ್ಟರ್ಸಿಗೆ ಬಂದಿದೆ. ಮೊದಲ ಸಂಜೆಯೇ ಅದು ಬಾಗಿಲ ಚೌಕಟ್ಟಿಗೆ ತಲೆ ತಾಗಿಸಿಕೊಳ್ಳುತ್ತದೆ. ಮೆಟ್ಟಿಲ ಬಳಿ ನಿಂತು ಕೆಳಗಿಳಿಯಲು ಅನುಮಾನಿಸುತ್ತದೆ. ಊರು ಬದಲಾದ ಬೇಸರವಿರಬೇಕು, ಉತ್ತರದ ಹವೆ ಒಗ್ಗಿರಲಾರದು ಎಂದು ಮನೆಮಂದಿ ಸಮಾಧಾನ ಹೇಳಿಕೊಳ್ಳುತ್ತಾರೆ. ಎರಡು ವಾರ ಕಳೆದು ಪಶುವೈದ್ಯರು ಕತ್ತಲ ಕೋಣೆಯಲ್ಲಿ ಅದರ ಕಣ್ಣಿಗೆ ದೀಪ ಹಿಡಿದು ನೋಡಿದಾಗ ನಿಜ ಸಂಗತಿ ತಿಳಿಯುತ್ತದೆ. ನಾಯಿಯ ದೃಷ್ಟಿ ಹೋದದ್ದು ದೆಹಲಿಯಲ್ಲಲ್ಲ. ಪುಣೆಯಲ್ಲಿರುವಾಗಲೇ ಅದು ಬಹುಮಟ್ಟಿಗೆ ಕುರುಡಾಗಿತ್ತು. ಅಲ್ಲಿಯ ಮನೆಯ ಪ್ರತಿಯೊಂದು ಮೂಲೆಯೂ ಅದಕ್ಕೆ ಕಂಠಪಾಠವಾಗಿದ್ದುದರಿಂದ ವಾಸನೆ, ಸದ್ದು ಮತ್ತು ನೆನಪಿನ ಬಲದಿಂದಲೇ ಓಡಾಡಿಕೊಂಡಿತ್ತು. ಕಾಣಿಸದ ನಾಯಿ ತನ್ನ ಕೊರತೆಯನ್ನು ಹೇಳಿಕೊಳ್ಳುವುದಿಲ್ಲ. ಆ ನಡುವೆ ಅದು ಎರಡು ಸಲ ಈದು, ಮರಿಗಳೆಲ್ಲ ಹಲವು ಮನೆಗಳಿಗೆ ಹಂಚಿಹೋಗಿವೆ.

ಇಂಥ ಘಟನೆಯಲ್ಲಿ ಯಾರ ನಿರ್ಲಕ್ಷ್ಯವನ್ನೂ ಹುಡುಕಬೇಕಾಗಿಲ್ಲ. ಆನುವಂಶಿಕ ನೇತ್ರರೋಗಗಳಲ್ಲಿ ಹಲವು, ಪ್ರಾಣಿ ಪ್ರಾಯಕ್ಕೆ ಬಂದು ಸಂತಾನ ಪಡೆದ ಅನಂತರವೇ ಹೊರಗೆ ಕಾಣಿಸಿಕೊಳ್ಳುತ್ತವೆ. ರೋಗ ಕಣ್ಣಿಗೆ ಬೀಳುವ ವೇಳೆಗೆ ಅದರ ಬೀಜ ಮುಂದಿನ ಪೀಳಿಗೆಗೆ ಸಾಗಿಹೋಗಿರುತ್ತದೆ. ರೋಗ ಬಂದ ಮೇಲೆ ಮಾಡಬಹುದಾದದ್ದು ಸ್ವಲ್ಪ, ಬರುವ ಮುನ್ನ ತಿಳಿಯಬಹುದಾದದ್ದು ಬಹಳ. ನಾಯಿಗಳ ನೇತ್ರತಪಾಸಣೆಯೆಂಬ ವ್ಯವಸ್ಥೆ ಪಾಶ್ಚಾತ್ಯ ದೇಶಗಳಲ್ಲಿ ಬೆಳೆದುಬಂದದ್ದು ಈ ಕಾರಣದಿಂದಲೇ. ಪೆಟ್ಟಿನಿಂದಲೋ ಸೋಂಕಿನಿಂದಲೋ ಸಕ್ಕರೆ ಕಾಯಿಲೆಯಿಂದಲೋ ಬರುವ ಕಣ್ಣಿನ ತೊಂದರೆಗಳು ಬೇರೆ. ಅವುಗಳ ವಿಚಾರ ಇಲ್ಲಿ ಪ್ರಸ್ತುತವಲ್ಲ.

ಈ ರೋಗಗಳ ಪೈಕಿ ಮುಖ್ಯವಾದದ್ದು ಅಕ್ಷಿಪಟಲದ ಕ್ರಮಿಕ ಕ್ಷಯ. ಪಶುವೈದ್ಯರ ರೂಢಿಯಲ್ಲಿ ಇದಕ್ಕೆ ಪಿ.ಆರ್.ಎ. ಎಂಬ ಸಂಕ್ಷಿಪ್ತ ಹೆಸರಿದೆ. ಕಣ್ಣಿನ ಹಿಂಬದಿಯಲ್ಲಿ ಹರಡಿರುವ ಅಕ್ಷಿಪಟಲ, ಎಂದರೆ ರೆಟಿನಾ, ಬೆಳಕನ್ನು ಗ್ರಹಿಸುವ ತೆಳು ಪೊರೆ. ಅದರಲ್ಲಿ ಮಂದ ಬೆಳಕಿಗೆ ಸ್ಪಂದಿಸುವ ದಂಡಕೋಶಗಳೂ ಹಗಲ ಬೆಳಕಿಗೆ ಮತ್ತು ಬಣ್ಣಕ್ಕೆ ಸ್ಪಂದಿಸುವ ಶಂಕುಕೋಶಗಳೂ ಇವೆ. ಕ್ಷಯ ಸಾಮಾನ್ಯವಾಗಿ ದಂಡಕೋಶಗಳಿಂದ ಆರಂಭವಾಗುತ್ತದೆ. ಆದ್ದರಿಂದ ಮೊದಲು ಕಾಣುವುದು ಇರುಳುಗುರುಡು. ನಸುಗತ್ತಲಲ್ಲಿ ನಾಯಿ ಹೆಜ್ಜೆಯಿಡಲು ಹೆದರುತ್ತದೆ, ಹಗಲಲ್ಲಿ ಚೆನ್ನಾಗಿಯೇ ಆಡುತ್ತದೆ. ಕೆಲವು ತಿಂಗಳಲ್ಲಿ ಅಥವಾ ಕೆಲವು ವರ್ಷಗಳಲ್ಲಿ ಶಂಕುಕೋಶಗಳೂ ನಶಿಸಿ ಪೂರ್ಣ ಕುರುಡುತನ ಬರುತ್ತದೆ. ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ, ನೀರು ಸುರಿಯುವುದಿಲ್ಲ.

ರಾತ್ರಿ ವಾಹನದ ದೀಪ ಬಿದ್ದಾಗ ನಾಯಿಯ ಕಣ್ಣು ಹಸಿರಾಗಿಯೋ ಹಳದಿಯಾಗಿಯೋ ಹೊಳೆಯುವುದನ್ನು ಎಲ್ಲರೂ ಬಲ್ಲರು. ಅಕ್ಷಿಪಟಲದ ಹಿಂದಿರುವ ಟಪೀಟಮ್ ಎಂಬ ಪ್ರತಿಫಲಕ ಪದರವೇ ಆ ಹೊಳಪಿಗೆ ಕಾರಣ. ಕ್ಷಯರೋಗದಲ್ಲಿ ಮುಂದಿನ ಪಟಲ ತೆಳುವಾಗುತ್ತಾ ಹೋದಂತೆ ಹಿಂದಿನ ಪದರ ಹೆಚ್ಚು ಹೆಚ್ಚು ಹೊಳೆಯುತ್ತದೆ. ದೃಷ್ಟಿ ಕುಗ್ಗಿದಂತೆ ಕಣ್ಣು ಬೆಳಗುವುದು ಈ ರೋಗದ ವಿಪರ್ಯಾಸ. ಅನೇಕ ನಾಯಿಗಳಲ್ಲಿ ಕಾಲಕ್ರಮೇಣ ಮಸೂರಕ್ಕೆ ಪೊರೆಯೂ ಬರುತ್ತದೆ. ಆಗ ಒಡೆಯರು ಪೊರೆಯೇ ಕುರುಡಿಗೆ ಕಾರಣವೆಂದು ಭಾವಿಸಿ ಶಸ್ತ್ರಚಿಕಿತ್ಸೆ ಕೇಳುವುದುಂಟು. ಹಿಂದಿನ ಪಟಲವೇ ಸತ್ತಿರುವಾಗ ಪೊರೆ ತೆಗೆದು ಫಲವಿಲ್ಲ. ಆದ್ದರಿಂದಲೇ ಶಸ್ತ್ರಚಿಕಿತ್ಸೆಗೆ ಮೊದಲು ಅಕ್ಷಿಪಟಲದ ವಿದ್ಯುತ್ ಪ್ರತಿಕ್ರಿಯೆಯನ್ನು ಅಳೆದು ನೋಡುವ ಪದ್ಧತಿ ಇದೆ.

ಈ ರೋಗವನ್ನು ನಾಯಿಗಳಲ್ಲಿ ಮೊತ್ತಮೊದಲು ವಿವರಿಸಿದವನು ಸ್ವೀಡನ್ನಿನ ಮ್ಯಾಗ್ನುಸನ್. 1911ರಲ್ಲಿ ಗಾರ್ಡನ್ ಸೆಟರ್ ಎಂಬ ಬೇಟೆನಾಯಿ ತಳಿಯ ಕುರಿತು ಬರೆದ ಪ್ರಬಂಧದಲ್ಲಿ ಆತ ಕುರುಡುತನವನ್ನೂ ರಕ್ತಸಂಬಂಧಿ ಸಂಯೋಗವನ್ನೂ ಒಟ್ಟಿಗೆ ಇಟ್ಟು ನೋಡಿದ್ದನು. ಮುಂದಿನ ನೂರು ವರ್ಷಗಳ ಕೆಲಸಕ್ಕೆಲ್ಲ ಆ ಜೋಡಣೆಯೇ ಬುನಾದಿಯಾಯಿತು.

ಗಾರ್ಡನ್ ಸೆಟರಿನ ದಾಯಾದಿ ಐರಿಷ್ ಸೆಟರ್. ಕೆಂಗಂದು ಬಣ್ಣದ, ನೀಳ ರೋಮದ, ನೋಡಲು ಬಹು ಚೆಲುವಾದ ನಾಯಿ. ನೇತ್ರತಪಾಸಣೆಯ ಇತಿಹಾಸವನ್ನು ಅರಿಯಲು ಈ ಒಂದು ತಳಿಯ ಕಥೆಯನ್ನು ಕೇಳಿದರೆ ಸಾಕು. 1940ರ ದಶಕದಲ್ಲಿ ಬ್ರಿಟನ್ನಿನ ಐರಿಷ್ ಸೆಟರುಗಳಲ್ಲಿ ಇರುಳುಗುರುಡು ಕಳವಳಕ್ಕೆ ಕಾರಣವಾಗುವಷ್ಟು ಹರಡಿತ್ತು. ಈ ತಳಿಯಲ್ಲಿ ರೋಗ ಬಹು ಬೇಗ ಬರುತ್ತದೆ. ಮರಿಗೆ ಕೆಲವು ವಾರ ತುಂಬುವಾಗಲೇ ಕೋಶಗಳು ಕೆಡತೊಡಗಿ, ಒಂದು ವರ್ಷದ ಹೊತ್ತಿಗೆ ನಾಯಿ ಬಹುತೇಕ ಕುರುಡಾಗಿರುತ್ತದೆ. ರೋಗಿ ಮರಿಯನ್ನು ಗುರುತಿಸುವುದು ಕಷ್ಟವಾಗಿರಲಿಲ್ಲ. ಕಷ್ಟವಿದ್ದದ್ದು ವಾಹಕಗಳನ್ನು ಗುರುತಿಸುವುದರಲ್ಲಿ.

ವಾಹಕವೆಂದರೇನೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪ್ರತಿಯೊಂದು ವಂಶವಾಹಿಯೂ ಜೋಡಿಯಾಗಿರುತ್ತದೆ. ಒಂದು ತಾಯಿಯದು, ಇನ್ನೊಂದು ತಂದೆಯದು. ಸುಪ್ತ ಸ್ವಭಾವದ ರೋಗಗಳಲ್ಲಿ ಎರಡೂ ಕೆಟ್ಟಿದ್ದರೆ ಮಾತ್ರ ರೋಗ. ಒಂದು ಕೆಟ್ಟು ಇನ್ನೊಂದು ಸರಿಯಿದ್ದ ನಾಯಿ ಜೀವಮಾನವಿಡೀ ಚೆನ್ನಾಗಿ ನೋಡುತ್ತದೆ, ಪ್ರದರ್ಶನಗಳಲ್ಲಿ ಬಹುಮಾನವನ್ನೂ ಗೆಲ್ಲುತ್ತದೆ. ಆದರೆ ತನ್ನ ಮರಿಗಳಲ್ಲಿ ಅರ್ಧಕ್ಕೆ ಕೆಟ್ಟ ಪ್ರತಿಯನ್ನು ದಾಟಿಸುತ್ತದೆ. ಅದೇ ವಾಹಕ. ಇಂಥ ಎರಡು ನಾಯಿಗಳು ಕೂಡಿದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದು ರೋಗಿ, ಎರಡು ವಾಹಕ, ಒಂದು ಮಾತ್ರ ಪೂರ್ಣ ನಿರ್ದೋಷ. ಪರೀಕ್ಷಕನ ದೀಪಕ್ಕೆ ವಾಹಕದ ಕಣ್ಣು ಸಂಪೂರ್ಣ ಆರೋಗ್ಯವಾಗಿಯೇ ಕಾಣುತ್ತದೆ, ಏಕೆಂದರೆ ಅದು ಆರೋಗ್ಯವಾಗಿಯೇ ಇರುತ್ತದೆ.

ಅಂದಿನ ಸಾಕಣೆದಾರರಿಗೆ ಉಳಿದಿದ್ದ ದಾರಿ ಒಂದೇ, ಪರೀಕ್ಷಾ ಸಂಯೋಗ. ಸಂಶಯವಿರುವ ನಾಯಿಯನ್ನು ಕುರುಡು ನಾಯಿಯೊಂದಿಗೆ ಕೂಡಿಸುವುದು, ಹುಟ್ಟಿದ ಮರಿಗಳನ್ನು ಕಣ್ಣಿನ ಸ್ಥಿತಿ ತಿಳಿಯುವವರೆಗೆ ಸಾಕುವುದು. ಒಂದು ಮರಿ ಕುರುಡಾದರೂ ಸಾಕು, ಪರೀಕ್ಷೆಗೆ ಒಳಗಾದ ನಾಯಿ ವಾಹಕವೆಂದು ಸಿದ್ಧವಾಯಿತು. ಆರು ಮರಿ ಹುಟ್ಟಿ ಆರೂ ಸರಿಯಿದ್ದರೆ, ವಾಹಕವೊಂದು ಹಾಗೆ ತಪ್ಪಿಸಿಕೊಂಡಿರುವ ಸಂಭವ 64ಕ್ಕೆ 1. ಗಣಿತ ಸರಳವಾಗಿತ್ತು, ಕೆಲಸ ಕ್ರೂರವಾಗಿತ್ತು. ತಿಳಿದು ತಿಳಿದೇ ಕುರುಡು ಮರಿಗಳನ್ನು ಹುಟ್ಟಿಸಬೇಕಾಗಿತ್ತು. ಕುರುಡು ನಾಯಿಗಳನ್ನು ಇದಕ್ಕೆಂದೇ ಇರಿಸಿಕೊಳ್ಳಬೇಕಾಗಿತ್ತು. ನಿರ್ದೋಷವೆಂದು ತೇರ್ಗಡೆಯಾದ ನಾಯಿಯ ಆ ಮರಿಗಳೂ ತಪ್ಪದೆ ವಾಹಕಗಳೇ ಆಗಿದ್ದುದರಿಂದ ಅವುಗಳಿಂದ ತಳಿ ಮುಂದುವರಿಸುವಂತಿರಲಿಲ್ಲ. ಆದರೂ ಪ್ರಯತ್ನ ಫಲಿಸಿತು. ಮುಂದಿನ ದಶಕದಲ್ಲಿ ಬ್ರಿಟನ್ನಿನ ಐರಿಷ್ ಸೆಟರುಗಳಲ್ಲಿ ರೋಗ ಅಪರೂಪವಾಯಿತು. ತಳಿಯೊಂದರ ಸಾಕಣೆದಾರರು ತಮ್ಮ ನಾಯಿಗಳ ದೋಷವನ್ನು ಬಹಿರಂಗವಾಗಿ ಒಪ್ಪಿಕೊಂಡು ಒಟ್ಟಾಗಿ ದುಡಿದ ಮೊದಲ ಉದಾಹರಣೆಗಳಲ್ಲಿ ಇದೂ ಒಂದು. ಗೆದ್ದದ್ದು ಶಾಶ್ವತವಾಗಲಿಲ್ಲವೆಂಬುದೂ ನಿಜ. ಪರೀಕ್ಷೆ ಸಡಿಲವಾದ ಮೇಲೆ 1970ರ ದಶಕದ ಕೊನೆಯ ಹೊತ್ತಿಗೆ ರೋಗ ಮತ್ತೆ ತಲೆಯೆತ್ತಿತು.

1993ರಲ್ಲಿ ಚಿತ್ರ ಬದಲಾಯಿತು. ದಂಡಕೋಶದಲ್ಲಿ ಬೆಳಕಿನ ಸಂಕೇತವನ್ನು ಮುಂದಕ್ಕೆ ಕಳಿಸುವ ಕಿಣ್ವವೊಂದರ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ತಪ್ಪಿರುವುದು ಐರಿಷ್ ಸೆಟರಿನ ಕುರುಡಿಗೆ ಕಾರಣವೆಂದು ಸಂಶೋಧಕರು ಪತ್ತೆಹಚ್ಚಿದರು. ಆ ಕಿಣ್ವ ಅರೆಬರೆಯಾಗಿ ತಯಾರಾಗುವುದರಿಂದ ಕೋಶದೊಳಗೆ ಒಂದು ರಾಸಾಯನಿಕ ಮಿತಿಮೀರಿ ಶೇಖರವಾಗಿ ಕೋಶ ಸಾಯುತ್ತದೆ. ನಾಯಿಯ ಅಕ್ಷಿಪಟಲ ಕ್ಷಯಕ್ಕೆ ಕಾರಣವಾದ ವಂಶವಾಹಿ ಸಿಕ್ಕಿದ್ದು ಅದೇ ಮೊದಲು. ಇನ್ನು ಮುಂದೆ ವಾಹಕವನ್ನು ಗುರುತಿಸಲು ಕುರುಡು ಮರಿಗಳು ಹುಟ್ಟಬೇಕಾಗಿರಲಿಲ್ಲ. ಸ್ವಲ್ಪ ರಕ್ತ ಸಾಕಾಯಿತು. ಅರ್ಧ ಶತಮಾನ ಸಂಕಟದಿಂದ ನಡೆದ ಕಾರ್ಯ ಪ್ರಯೋಗಶಾಲೆಯ ನಳಿಕೆಗೆ ಇಳಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಈ ಪರೀಕ್ಷೆಯಲ್ಲಿ ನಿರ್ದೋಷವೆಂದು ಬಂದ ಸೆಟರುಗಳಲ್ಲಿಯೂ ಕೆಲವು ವೃದ್ಧಾಪ್ಯದಲ್ಲಿ, ಸುಮಾರು ಹತ್ತರ ವಯಸ್ಸಿನಲ್ಲಿ, ಕುರುಡಾಗತೊಡಗಿದವು. ಪ್ರಯೋಗಶಾಲೆ ತಪ್ಪು ಮಾಡಿರಲಿಲ್ಲ. ಅದೇ ತಳಿಯಲ್ಲಿ ಬೇರೊಂದು ವಂಶವಾಹಿಯ ಇನ್ನೊಂದು ಕ್ಷಯರೋಗ ಅಡಗಿತ್ತು. ಗಾರ್ಡನ್ ಸೆಟರುಗಳಲ್ಲೂ ಇರುವ ಆ ತಡವಾದ ಬಗೆಯ ಮೂಲವನ್ನು ಬ್ರಿಟನ್ನಿನ ಅನಿಮಲ್ ಹೆಲ್ತ್ ಟ್ರಸ್ಟ್ ಸಂಸ್ಥೆಯ ಸಂಶೋಧಕರು 2010ರ ದಶಕದ ಆರಂಭದಲ್ಲಿ ಕಂಡುಹಿಡಿದರು. ಡಿ.ಎನ್.ಎ. ಪರೀಕ್ಷೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಕೇಳದ ಪ್ರಶ್ನೆಗೆ ಉತ್ತರ ಬೇಕಾದರೆ ಕಣ್ಣನ್ನೇ ನೋಡಬೇಕು. ಈ ಎರಡು ಪರೀಕ್ಷೆಗಳಲ್ಲಿ ಒಂದಿದ್ದರೆ ಇನ್ನೊಂದು ಬೇಡವೆಂದು ವಾದಿಸುವವರು ಸೆಟರುಗಳ ಈ ಎರಡನೆಯ ಅಧ್ಯಾಯವನ್ನು ಓದಬೇಕು.

ಕಣ್ಣನ್ನು ನೋಡುವ ಕ್ರಮ ಬಹಳ ಸುಲಭ. ಅರಿವಳಿಕೆಯ ಅಗತ್ಯವಿಲ್ಲ. ಪಾಪೆ ಹಿಗ್ಗಿಸುವ ಹನಿಯನ್ನು ಎರಡೂ ಕಣ್ಣಿಗೆ ಹಾಕಿ ಇಪ್ಪತ್ತು ಮೂವತ್ತು ನಿಮಿಷ ಕಾಯುತ್ತಾರೆ. ಆಮೇಲೆ ಕತ್ತಲ ಕೋಣೆಯಲ್ಲಿ ನೇತ್ರತಜ್ಞರು ತಲೆಗೆ ಕಟ್ಟಿಕೊಂಡ ದೀಪ ಮತ್ತು ಕೈಯಲ್ಲಿ ಹಿಡಿದ ಮಸೂರದ ನೆರವಿನಿಂದ ಅಕ್ಷಿಪಟಲವನ್ನು ಪರಿಶೀಲಿಸುತ್ತಾರೆ. ಸೀಳುದೀಪದ ಸೂಕ್ಷ್ಮದರ್ಶಕದಿಂದ ರೆಪ್ಪೆ, ಕಾರ್ನಿಯ ಮತ್ತು ಮಸೂರಗಳನ್ನು ನೋಡುತ್ತಾರೆ. ರಕ್ತನಾಳಗಳು ಸಣ್ಣಗಾಗಿವೆಯೇ, ಟಪೀಟಮ್ ಅತಿಯಾಗಿ ಹೊಳೆಯುತ್ತಿದೆಯೇ, ಮಸೂರದಲ್ಲಿ ಪೊರೆಯ ಚುಕ್ಕೆ ಇದೆಯೇ ಎಂಬುದೆಲ್ಲ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ. ನಾಯಿ ಇವತ್ತು ಸರಿಯಿದ್ದರೆ ನಾಳೆಯೂ ಸರಿಯಿರುವುದೆಂಬ ಭರವಸೆ ಇಲ್ಲ. ಆದ್ದರಿಂದ ಇಂಥ ಪ್ರಮಾಣಪತ್ರಕ್ಕೆ ಒಂದು ವರ್ಷದ ಬೆಲೆ ಮಾತ್ರ. ಸಂತಾನಕ್ಕೆ ಬಳಸುವ ನಾಯಿಯನ್ನು ವರ್ಷ ವರ್ಷವೂ ಪರೀಕ್ಷಿಸಬೇಕು.

ಕೆಲವು ರೋಗಗಳಲ್ಲಿ ಕಾಲ ತಪ್ಪಿದರೆ ಕಣ್ಣೇ ಸುಳ್ಳು ಹೇಳುತ್ತದೆ. ಕುರಿ ಕಾಯುವ ಕೋಲಿ ನಾಯಿಗಳಲ್ಲಿ ಹುಟ್ಟಿನಿಂದಲೇ ಬರುವ ವಿಕೃತಿಯೊಂದಿದೆ. ಅಕ್ಷಿಪಟಲಕ್ಕೆ ಆಹಾರ ಒದಗಿಸುವ ಹಿಂದಿನ ರಕ್ತನಾಳದ ಪದರ ಸರಿಯಾಗಿ ಬೆಳೆದಿರುವುದಿಲ್ಲ. ಹೆಚ್ಚಿನ ನಾಯಿಗಳಿಗೆ ಇದರಿಂದ ತೊಂದರೆಯಿಲ್ಲ. ಕೆಲವಕ್ಕೆ ದೃಷ್ಟಿನರದ ಬಳಿ ಕುಳಿ ಇದ್ದು, ಅಕ್ಷಿಪಟಲ ಕಳಚಿ ಕುರುಡು ಬರುತ್ತದೆ. ಐದರಿಂದ ಎಂಟು ವಾರದ ಮರಿಯಲ್ಲಿ ಈ ವಿಕೃತಿ ಸ್ಪಷ್ಟವಾಗಿ ಕಾಣುತ್ತದೆ. ಮೂರು ತಿಂಗಳಾಗುವ ಹೊತ್ತಿಗೆ ಬಣ್ಣದ ಕಣಗಳು ತುಂಬಿಕೊಂಡು ಅನೇಕ ಮರಿಗಳ ಕಣ್ಣು ಸಹಜವಾಗಿಯೇ ಕಾಣಿಸುತ್ತದೆ. ದೋಷ ಮಾಯವಾಗಿಲ್ಲ, ಮುಚ್ಚಿಹೋಗಿದೆ. ತಡವಾಗಿ ಪರೀಕ್ಷೆಗೆ ತಂದ ಕೋಲಿಗೆ ಸಿಗುವ ನಿರ್ದೋಷದ ಚೀಟಿ ಪ್ರಾಮಾಣಿಕವಾಗಿದ್ದರೂ ತಪ್ಪಾಗಿರಬಹುದು. 2007ರಲ್ಲಿ ಇದರ ವಂಶವಾಹಿಯೂ ಪತ್ತೆಯಾಯಿತು. ಕಣ್ಣಿನ ಪರೀಕ್ಷೆಗೆ ತಪ್ಪಿಹೋದದ್ದು ಇಲ್ಲಿ ಡಿ.ಎನ್.ಎ. ಪರೀಕ್ಷೆಗೆ ಸಿಕ್ಕುತ್ತದೆ. ಸೆಟರುಗಳಲ್ಲಿ ಆದದ್ದಕ್ಕೆ ಇದು ಸರಿಯಾದ ಎದುರು ಉದಾಹರಣೆ.

2005ರಲ್ಲಿ ಬಾಕ್ಸರ್ ತಳಿಯ ನಾಯಿಯೊಂದರ ಸಮಗ್ರ ಜೀನೋಮ್ ಪ್ರಕಟವಾದ ಬಳಿಕ ಇಂಥ ಶೋಧಗಳು ಬಿರುಸಾದವು. 2006ರಲ್ಲಿ ಗುಸ್ತಾವೊ ಅಗಿರೆ ಮತ್ತು ಗ್ರೆಗರಿ ಆಕ್‌ಲಂಡ್ ಅವರಿದ್ದ ತಂಡ, ಲ್ಯಾಬ್ರಡಾರ್, ಪೂಡಲ್, ಕಾಕರ್ ಸ್ಪ್ಯಾನಿಯಲ್ ಮೊದಲಾದ ಅನೇಕ ತಳಿಗಳಲ್ಲಿರುವ ಕ್ಷಯರೋಗಕ್ಕೆ ಒಂದೇ ಮೂಲವಿರುವುದನ್ನು ತೋರಿಸಿತು. ರೂಪದಲ್ಲೂ ಗಾತ್ರದಲ್ಲೂ ಇಷ್ಟು ಬೇರೆಯಾದ ನಾಯಿಗಳು ಒಂದೇ ತಪ್ಪನ್ನು ಹೊತ್ತು ಬಂದಿವೆ ಎಂದರೆ, ಆ ತಪ್ಪು ಈ ತಳಿಗಳಿಗಿಂತ ಹಳೆಯದೆಂದು ಅರ್ಥ. ಭಾರತದ ನಗರಗಳಲ್ಲಿ ಲ್ಯಾಬ್ರಡಾರ್ ಎಷ್ಟು ಜನಪ್ರಿಯವೆಂಬುದನ್ನು ನೆನೆದರೆ ಈ ಶೋಧದ ಮಹತ್ವ ತಾನಾಗಿ ತಿಳಿಯುತ್ತದೆ. ಟೆರಿಯರ್ ಜಾತಿಗಳಲ್ಲಿ ಮಸೂರ ತನ್ನ ಸ್ಥಾನದಿಂದ ಕಳಚಿಬೀಳುವ ರೋಗದ ಮೂಲ 2010ರಲ್ಲಿ ದೊರೆಯಿತು. ಇದು ನಿಧಾನದ ರೋಗವಲ್ಲ. ಮಸೂರ ಮುಂದಕ್ಕೆ ಜಾರಿದರೆ ಕಣ್ಣಿನೊಳಗಿನ ಒತ್ತಡ ಏರಿ ತೀವ್ರ ನೋವಿನೊಡನೆ ಒಂದೆರಡು ದಿನದಲ್ಲೇ ದೃಷ್ಟಿ ಹೋಗಬಹುದು. ಎಲ್ಲ ರೋಗಗಳೂ ಸುಪ್ತವಲ್ಲ ಎಂಬುದನ್ನೂ ಹೇಳಬೇಕು. ಬುಲ್‌ಮ್ಯಾಸ್ಟಿಫ್ ತಳಿಯ ಕ್ಷಯಕ್ಕೆ ಒಂದು ಕೆಟ್ಟ ಪ್ರತಿಯೇ ಸಾಕು. ಸೈಬೀರಿಯನ್ ಹಸ್ಕಿಯಲ್ಲಿ ಅದು ಲಿಂಗಸಂಬಂಧಿ, ಗಂಡುಗಳನ್ನೇ ಹೆಚ್ಚಾಗಿ ಕಾಡುತ್ತದೆ.

ವಾಹಕವೆಂದು ತಿಳಿದ ಮೇಲೆ ಆ ನಾಯಿಯನ್ನು ಏನು ಮಾಡಬೇಕು? ಸಂತಾನದಿಂದ ದೂರವಿಟ್ಟುಬಿಡಬೇಕೆಂಬುದು ಥಟ್ಟನೆ ಹೊಳೆಯುವ ಉತ್ತರ. ಅನೇಕ ಸಂದರ್ಭಗಳಲ್ಲಿ ಅದು ತಪ್ಪು ಉತ್ತರ. ಮುಕ್ತವಾಗಿ ಸಂಯೋಗ ನಡೆಯುವ ಒಂದು ತಳಿಯಲ್ಲಿ ನೂರಕ್ಕೆ ಒಂದು ನಾಯಿ ಸುಪ್ತರೋಗದಿಂದ ಕುರುಡಾಗುತ್ತಿದ್ದರೆ, ಲೆಕ್ಕದ ಪ್ರಕಾರ ನೂರಕ್ಕೆ 18 ನಾಯಿಗಳು ವಾಹಕಗಳಾಗಿರುತ್ತವೆ. ಒಂದು ರೋಗವನ್ನು ಅಳಿಸಲು ತಳಿಯ ಐದನೆಯ ಒಂದು ಭಾಗವನ್ನು ಹೊರಹಾಕಿದರೆ, ಉಳಿದವು ಇನ್ನಷ್ಟು ಹತ್ತಿರದ ಬಂಧುಗಳಾಗಿ, ಅದುವರೆಗೆ ಅವಿತಿದ್ದ ಬೇರೆ ದೋಷಗಳು ಜೋಡಿಗೂಡುತ್ತವೆ.

ಆಫ್ರಿಕಾ ಮೂಲದ ಬಸೆಂಜಿ ನಾಯಿಗಳು ಇದಕ್ಕೆ ನಿದರ್ಶನ. ಅಮೆರಿಕದಲ್ಲಿ ಕೆಲವೇ ಪೂರ್ವಿಕರಿಂದ ಬೆಳೆದ ಈ ತಳಿಯಲ್ಲಿ ರಕ್ತಹೀನತೆಯ ಆನುವಂಶಿಕ ರೋಗವೊಂದಿತ್ತು. ಅದರ ವಾಹಕಗಳನ್ನು ಗುರುತಿಸುವ ಪರೀಕ್ಷೆ ಬಂದೊಡನೆ ಸಾಕಣೆದಾರರು ಉತ್ಸಾಹದಿಂದ ಅವನ್ನೆಲ್ಲ ಕೈಬಿಟ್ಟರು. ರಕ್ತಹೀನತೆ ಇಳಿಯಿತು, ಆದರೆ ಮೂತ್ರಪಿಂಡದ ಇನ್ನೊಂದು ರೋಗವೂ ಅಕ್ಷಿಪಟಲ ಕ್ಷಯವೂ ಮುಂದೆ ಬಂದವು. ಕೊನೆಗೆ ಹೊಸ ರಕ್ತಕ್ಕಾಗಿ 1980ರ ದಶಕದಲ್ಲಿ ಮಧ್ಯ ಆಫ್ರಿಕಾಕ್ಕೆ ಹೋಗಿ ನಾಯಿಗಳನ್ನು ತರಬೇಕಾಯಿತು. ಅವುಗಳನ್ನು ಸೇರಿಸಿಕೊಳ್ಳಲು ಅಮೆರಿಕನ್ ಕೆನೆಲ್ ಕ್ಲಬ್ ಮುಚ್ಚಿದ್ದ ವಂಶಾವಳಿಯ ಪುಸ್ತಕವನ್ನು 1990ರಲ್ಲಿ ತೆರೆಯಿತು. ಅತಿ ಶುದ್ಧಿಯ ಹಟ ತಂದಿಟ್ಟ ಖರ್ಚು ಅದು.

ವಿವೇಕದ ದಾರಿ ಬೇರೆಯಿದೆ. ವಾಹಕವನ್ನು ನಿರ್ದೋಷ ನಾಯಿಯೊಂದಿಗೆ ಮಾತ್ರ ಕೂಡಿಸಿದರೆ ಒಂದು ಮರಿಯೂ ಕುರುಡಾಗುವುದಿಲ್ಲ. ಹುಟ್ಟಿದ ಮರಿಗಳನ್ನು ಪರೀಕ್ಷಿಸಿ, ನಿರ್ದೋಷವಾದವುಗಳಲ್ಲಿ ಒಳ್ಳೆಯದನ್ನು ಮುಂದಿನ ಪೀಳಿಗೆಗೆ ಆರಿಸಿಕೊಂಡರೆ, ಆ ವಂಶದ ಸದ್ಗುಣಗಳು ಉಳಿದು ಕೆಟ್ಟ ಪ್ರತಿ ಕ್ರಮೇಣ ಜಾರಿಹೋಗುತ್ತದೆ. ಪರೀಕ್ಷೆಯ ಉದ್ದೇಶ ನಾಯಿಗಳನ್ನು ತಿರಸ್ಕರಿಸುವುದಲ್ಲ, ಜೋಡಿಯನ್ನು ಸರಿಯಾಗಿ ಕೂಡಿಸುವುದು.

ಇದಕ್ಕೆ ಬೇಕಾದದ್ದು ದಾಖಲೆ. ಮನುಷ್ಯ ಸ್ವಭಾವ ಅಡ್ಡಬರುವುದೂ ಇಲ್ಲಿಯೇ. ಅಮೆರಿಕದಲ್ಲಿ 1974ರಲ್ಲಿ ನಾಯಿಗಳ ನೇತ್ರ ನೋಂದಣಿಗಾಗಿ ಒಂದು ಪ್ರತಿಷ್ಠಾನ ಸ್ಥಾಪನೆಯಾಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ನಾಯಿಗಳ ಹೆಸರನ್ನು ಮಾತ್ರ ಅದು ಪ್ರಕಟಿಸುತ್ತಿತ್ತು; ರೋಗವಿದ್ದವುಗಳ ವಿವರ ಹೆಸರಿಲ್ಲದೆ ಅಂಕಿಅಂಶಕ್ಕಷ್ಟೇ ಸೇರುತ್ತಿತ್ತು. 2012ರಲ್ಲಿ ಆ ದೇಶದ ಪಶುನೇತ್ರತಜ್ಞರ ಮಂಡಳಿ, ಪ್ರಾಣಿಗಳ ಮೂಳೆರೋಗಗಳ ದಾಖಲೆಗಾಗಿ 1966ರಲ್ಲಿ ಸ್ಥಾಪಿತವಾಗಿದ್ದ ಪ್ರತಿಷ್ಠಾನದ ಜೊತೆ ಸೇರಿ ಹೊಸ ನೋಂದಣಿಯನ್ನು ಆರಂಭಿಸಿತು. ಅಲ್ಲಿಯೂ ಪ್ರತಿಕೂಲ ಫಲಿತಾಂಶವನ್ನು ಬಹಿರಂಗಪಡಿಸುವುದು ಒಡೆಯರ ಒಪ್ಪಿಗೆಗೆ ಬಿಟ್ಟದ್ದು. ಹೆಸರು ಕೆಟ್ಟರೆ ಮರಿಗಳು ಮಾರಾಟವಾಗವೆಂಬ ಭಯ ಸಹಜವೇ. ಆದರೆ ತೇರ್ಗಡೆಯಾದವರ ಪಟ್ಟಿಯಿಂದ ಮಾತ್ರ ಒಂದು ವಂಶದ ನಿಜಸ್ಥಿತಿ ತಿಳಿಯುವುದಿಲ್ಲ. ಪಟ್ಟಿಯಲ್ಲಿಲ್ಲದ ನಾಯಿ ಪರೀಕ್ಷೆಗೆ ಹೋಗಲಿಲ್ಲವೋ, ಹೋಗಿ ಸೋತಿತೋ ಹೇಳಲಾಗದು. ಬ್ರಿಟನ್ನಿನಲ್ಲಿ ಪಶುವೈದ್ಯರ ಸಂಘ, ಕೆನೆಲ್ ಕ್ಲಬ್ ಮತ್ತು ಅಂತಾರಾಷ್ಟ್ರೀಯ ಕುರಿನಾಯಿ ಸಂಘ ಒಟ್ಟಾಗಿ ರೂಪಿಸಿದ ನೇತ್ರ ಯೋಜನೆಯಲ್ಲಿ ನೋಂದಾಯಿತ ನಾಯಿಗಳ ಫಲಿತಾಂಶ ಪ್ರಕಟವಾಗುವ ಕ್ರಮ ಬೆಳೆಯಿತು. ಕುರಿಗಾಹಿಗಳ ಸಂಘ ಇದರಲ್ಲಿ ಕೈಜೋಡಿಸಿದ್ದು ಅರ್ಥಪೂರ್ಣ. ಕುರಿ ಕಾಯುವ ನಾಯಿ ಹಿಂಡನ್ನು ಬಹುಮಟ್ಟಿಗೆ ನೋಟದಿಂದಲೇ ಹಿಡಿತದಲ್ಲಿಡುತ್ತದೆ. ಅಂಥ ನಾಯಿ ಗುಡ್ಡದ ಮೇಲೆ ಕುರುಡಾದರೆ ಕೆಡುವುದು ಪ್ರದರ್ಶನದ ಬಹುಮಾನವಲ್ಲ, ಹೊಟ್ಟೆಪಾಡು.

ನಾಯಿಯ ಕಣ್ಣನ್ನು ನೋಡಿದ್ದರಿಂದ ಮನುಷ್ಯನ ಕಣ್ಣಿಗೂ ಪ್ರಯೋಜನವಾಗಿದೆ. ಫ್ರಾನ್ಸ್ ಮೂಲದ ಬ್ರಿಯಾರ್ ಎಂಬ ತಳಿಯಲ್ಲಿ ಹುಟ್ಟಿನಿಂದಲೇ ಬರುವ ಇರುಳುಗುರುಡನ್ನು 1989ರಲ್ಲಿ ಸ್ವೀಡನ್ನಿನಲ್ಲಿ ವಿವರಿಸಲಾಯಿತು. ಅದರ ಮೂಲ ಆರ್.ಪಿ.ಇ.65 ಎಂಬ ವಂಶವಾಹಿಯಲ್ಲಿದೆಯೆಂದು 1998ರ ಹೊತ್ತಿಗೆ ತಿಳಿಯಿತು. ಮಕ್ಕಳಲ್ಲಿ ಶೈಶವದಲ್ಲೇ ಬರುವ ಒಂದು ಬಗೆಯ ಕುರುಡಿಗೂ ಇದೇ ವಂಶವಾಹಿಯ ದೋಷ ಕಾರಣ. 2001ರಲ್ಲಿ ಅಮೆರಿಕದ ಸಂಶೋಧಕರು ನಿರಪಾಯಕಾರಿ ವೈರಾಣುವಿನ ಮೂಲಕ ಸರಿಯಾದ ವಂಶವಾಹಿಯನ್ನು ಇಂಥ ನಾಯಿಗಳ ಅಕ್ಷಿಪಟಲದಡಿಗೆ ಸೇರಿಸಿದಾಗ ಅವುಗಳಿಗೆ ದೃಷ್ಟಿ ಬಂತು. ಹುಟ್ಟುಕುರುಡಾಗಿದ್ದ ಲ್ಯಾನ್ಸೆಲಟ್ ಎಂಬ ನಾಯಿ ಅಮೆರಿಕದ ಸಂಸತ್ತಿಗೂ ಹೋಗಿ ಬಂದು ಹೆಸರುವಾಸಿಯಾಯಿತು. ಅದೇ ತತ್ತ್ವದ ಮೇಲೆ ರೂಪುಗೊಂಡ ಮಾನವ ಚಿಕಿತ್ಸೆಗೆ 2017ರ ಡಿಸೆಂಬರಿನಲ್ಲಿ ಆ ದೇಶದ ಔಷಧ ಪ್ರಾಧಿಕಾರದ ಒಪ್ಪಿಗೆ ದೊರೆಯಿತು. ಎರಡೂ ಕಣ್ಣುಗಳಿಗೆ ಆಗ ನಿಗದಿಯಾದ ಬೆಲೆ 8,50,000 ಡಾಲರು. ಸಾಮಾನ್ಯ ನಾಯಿಯ ಪಾಲಿಗೆ ಮಾತ್ರ ಅಕ್ಷಿಪಟಲ ಕ್ಷಯಕ್ಕೆ ವಾಡಿಕೆಯ ಚಿಕಿತ್ಸೆ ಇನ್ನೂ ಇಲ್ಲ.

ಭಾರತದ ನಗರಗಳಲ್ಲಿ ಮರಿ ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ವಂಶಾವಳಿಯ ಕಾಗದ ಮತ್ತು ಲಸಿಕೆಯ ಪುಸ್ತಕ. ವಂಶಾವಳಿಯ ಕಾಗದ ಅಜ್ಜ ಮುತ್ತಜ್ಜರ ಹೆಸರು ಹೇಳುತ್ತದೆ, ಅವರಿಗೆ ಕಣ್ಣು ಕಾಣುತ್ತಿತ್ತೇ ಎಂಬುದನ್ನು ಹೇಳುವುದಿಲ್ಲ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆಯಡಿ 2017ರಲ್ಲಿ ಹೊರಡಿಸಿದ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳ ಪ್ರಕಾರ ಸಾಕಣೆದಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕೋಲಿ ಮರಿಗಳ ಕಣ್ಣು ನಿಜ ಹೇಳುವ ಅವಧಿ ಈ ಎಂಟು ವಾರಗಳ ಒಳಗೇ ಬರುವುದರಿಂದ, ಮರಿಗಳಿನ್ನೂ ತಾಯಿಯ ಬಳಿ ಇರುವಾಗಲೇ ಅವನ್ನೆಲ್ಲ ಒಟ್ಟಿಗೆ ತೋರಿಸಿಬಿಡುವುದು ಅನುಕೂಲ. ಡಿ.ಎನ್.ಎ. ಪರೀಕ್ಷೆಗೆ ಕೆನ್ನೆಯ ಒಳಬದಿಯನ್ನು ಸಣ್ಣ ಕುಂಚದಿಂದ ಉಜ್ಜಿ ತೆಗೆದ ಮಾದರಿ ಸಾಕು, ಅಂಚೆಯಲ್ಲಿಯೂ ಕಳುಹಿಸಬಹುದು. ಕಣ್ಣಿನ ಪರೀಕ್ಷೆಗಾದರೆ ಚೆನ್ನೈನ ವೇಪೇರಿ, ಮುಂಬಯಿಯ ಪರೇಲ್, ಹೈದರಾಬಾದಿನ ರಾಜೇಂದ್ರನಗರ, ಬೆಂಗಳೂರಿನ ಹೆಬ್ಬಾಳಗಳಲ್ಲಿರುವ ಪಶುವೈದ್ಯ ಕಾಲೇಜುಗಳಲ್ಲಿ ಮೊದಲು ವಿಚಾರಿಸಬಹುದು. ಮರಿ ಕೊಳ್ಳುವವರು ತಂದೆ ತಾಯಿ ಎರಡರದೂ ಪರೀಕ್ಷೆಯ ಕಾಗದವನ್ನು ಕೇಳಬೇಕು. ಯಾವ ರೋಗಕ್ಕೆ ಪರೀಕ್ಷೆಯಾಯಿತು, ಯಾವ ವರ್ಷ ಆಯಿತು, ಕಾಗದದಲ್ಲಿರುವ ಮೈಕ್ರೋಚಿಪ್ಪಿನ ಸಂಖ್ಯೆ ಆ ನಾಯಿಯದೇ ಹೌದೇ ಎಂಬುದನ್ನು ನೋಡಿಕೊಳ್ಳಬೇಕು. ಕೇಳುವವರಿದ್ದರೆ ಮಾತ್ರ ಸಾಕಣೆದಾರರು ಪರೀಕ್ಷೆ ಮಾಡಿಸುತ್ತಾರೆ.

ದೇಶೀಯ ತಳಿಗಳ ವಿಷಯವಾಗಿ ಒಂದು ಮಾತು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ 2005ರಲ್ಲಿ ಅಂಚೆಚೀಟಿಯ ಗೌರವ ಪಡೆಯಿತು. ಮುಧೋಳದ ಸಮೀಪ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ದೃಷ್ಟಿಯಿಂದಲೇ ಬೇಟೆಯಾಡುವ ನಾಯಿ ಇದು. ತಳಿಗೆ ಬೇಡಿಕೆ ಏರಿದಾಗ ಹೆಸರು ಮಾಡಿದ ಒಂದೆರಡು ಗಂಡುಗಳಿಗೇ ಎಲ್ಲರೂ ಮುಗಿಬೀಳುವುದುಂಟು. ಸೆಟರುಗಳಿಗೂ ಬಸೆಂಜಿಗಳಿಗೂ ಸಂಕಟ ಬಂದದ್ದು ಹೀಗೆ ವಂಶದ ಬುಡ ಕಿರಿದಾದಾಗಲೇ. ಮುಧೋಳ ನಾಯಿಯ ಸಾಕಣೆದಾರರು ಈಗಿನಿಂದಲೇ ಹೆಚ್ಚು ಗಂಡುಗಳನ್ನು ಬಳಸುತ್ತಾ, ಕಣ್ಣಿನ ದಾಖಲೆಯನ್ನೂ ಇಟ್ಟುಕೊಳ್ಳುತ್ತಾ ಹೋದರೆ ಆ ಅಧ್ಯಾಯ ಇಲ್ಲಿ ಮರುಕಳಿಸಬೇಕಾಗಿಲ್ಲ.

ದೆಹಲಿಯ ಕ್ವಾರ್ಟರ್ಸಿಗೆ ಬಂದ ಲ್ಯಾಬ್ರಡಾರಿಗೆ ಹೋದ ದೃಷ್ಟಿ ಮರಳುವುದಿಲ್ಲ. ಆದರೆ ಅದು ದುಃಖಿಯಾಗಿ ಬದುಕಬೇಕಾಗಿಲ್ಲ. ಮೇಜು ಕುರ್ಚಿಗಳನ್ನು ಮೇಲಿಂದ ಮೇಲೆ ಕದಲಿಸದಿದ್ದರೆ, ನೀರಿನ ಬಟ್ಟಲು ಒಂದೇ ಜಾಗದಲ್ಲಿದ್ದರೆ, ಮುಟ್ಟುವ ಮೊದಲು ಹೆಸರು ಹಿಡಿದು ಕರೆದರೆ, ಒಂದೆರಡು ತಿಂಗಳಲ್ಲಿ ಹೊಸ ಮನೆಯ ನಕ್ಷೆಯೂ ಅದರ ಮನಸ್ಸಿನಲ್ಲಿ ಮೂಡುತ್ತದೆ. ಬಾಲ್ಕನಿಗೆ ಮತ್ತು ಮೆಟ್ಟಿಲಿಗೆ ಅಡ್ಡಗಟ್ಟು ಅವಶ್ಯ. ಇದಾದ ಮೇಲೆ ಮನೆಯವರಿಗೆ ಉಳಿಯುವ ಕೆಲಸ ಪುಣೆಗೆ ದೂರವಾಣಿ ಮಾಡುವುದು. ಮರಿಗಳನ್ನು ಕೊಂಡವರಿಗೂ ಗಂಡುನಾಯಿಯ ಒಡೆಯರಿಗೂ ವಿಷಯ ತಿಳಿಯಬೇಕು. ತಾಯಿಯದು ಲ್ಯಾಬ್ರಡಾರುಗಳಲ್ಲಿ ಸಾಮಾನ್ಯವಾದ ಆ ಸುಪ್ತ ಕ್ಷಯವೇ ಆಗಿದ್ದರೆ ಅದರ ಎಲ್ಲ ಮರಿಗಳೂ ಕೆಟ್ಟ ಪ್ರತಿಯೊಂದನ್ನು ಪಡೆದೇ ಹುಟ್ಟಿವೆ. ತಂದೆ ನಿರ್ದೋಷವಾಗಿದ್ದರೆ ಯಾವುದೂ ಕುರುಡಾಗುವುದಿಲ್ಲ, ಎಲ್ಲವೂ ವಾಹಕಗಳು. ತಂದೆಯೂ ವಾಹಕವಾಗಿದ್ದರೆ ಸುಮಾರು ಅರ್ಧದಷ್ಟು ಮರಿಗಳು ಮುಂದೊಂದು ದಿನ ಮೆಟ್ಟಿಲ ಬಳಿ ಅನುಮಾನಿಸಿ ನಿಲ್ಲುತ್ತವೆ. ಎರಡರಲ್ಲಿ ಯಾವುದೆಂಬುದು ಆ ಗಂಡುನಾಯಿಯ ಕೆನ್ನೆಯಿಂದ ತೆಗೆದ ಒಂದು ಮಾದರಿಯಿಂದ ತಿಳಿಯುತ್ತದೆ.